ತೊಟ್ಟಿಕ್ಕುವ ಕೆಲಸ

ಮಾರಿಕುಪ್ಪದ ಆಚೆ, ಸೈನೈಡ್ ದಿಬ್ಬ ದಾಟಿ,
ಗಣಿ ದೊರೆಯ ಬಂಗಲೆಯ ತೋಟದಲ್ಲಿ
ಒಂದು ಗುಹೆ ಇತ್ತು.
ಇತ್ತು ಅಂದರೆ, ಕಟ್ಟಿಸಿದ್ದು.

ದೊರೆಸಾನಿಗೆ ತನ್ನೂರಿನ ನೆನಪು:
ಸ್ಕಾಟ್ಲೆಂಡಿನ ಯಾವುದೋ ಎಸ್ಟೇಟು,
ಮಂಜು, ಪಾಚಿ, ತೊಟ್ಟಿಕ್ಕುವ ಕಲ್ಲು,
ಅದರೊಳಗೆ ಕೂತು ಚಹಾ ಕುಡಿಯುವ ಸೊಗಸು.
ಇಲ್ಲಿ ಪಾಚಿ ಎಲ್ಲಿಂದ ತರುವುದು?
ಮಿಲ್ಲು ಬೇಡವೆಂದ ಬೆಣಚುಕಲ್ಲು ಬಂತು ಮೂರು ಗಾಡಿ,
ಮದರಾಸಿನಿಂದ ಗೋಣಿಯಲ್ಲಿ ಕಪ್ಪೆಚಿಪ್ಪು,
ಚಾವಣಿಗೆ ಕ್ಲಬ್ಬಿನ ಖಾಲಿ ಬಾಟಲಿಗಳ ಹಸಿರು ತಳ.
ನೆಲದಡಿ ಮೈಲಿಗಟ್ಟಲೆ ಕತ್ತಲೆ ಅಗೆದವರೇ
ಸಂಜೆ ಮೇಲೆ ಬಂದು, ಕೈ ತೊಳೆದು,
ಆಳೆತ್ತರದ ಈ ಚಿಕ್ಕ ಕತ್ತಲೆಯನ್ನು
ಗಾರೆ ಕಲಸಿ ಕಟ್ಟಿದರು.
ಅವರಲ್ಲಿ ನನ್ನ ತಾತ ಯರ್ರಪ್ಪನೂ ಒಬ್ಬ.
"ಬಾಯಿಗೆ ಮರದ ಆಸರೆ ಕೊಡ್ಲಾ, ಕುಸಿದೀತು"
ಎಂದನಂತೆ, ಅಭ್ಯಾಸಬಲ.
ದೊರೆ ನಕ್ಕನಂತೆ.

ಎಲ್ಲ ಆಯಿತು. ನೀರು ಮಾತ್ರ ಬರಲಿಲ್ಲ.
ಅದಕ್ಕೆ ಅಜ್ಜಿ ಗಂಗುಲಮ್ಮ.

ಗುಹೆಯ ಬೆನ್ನಿಗೆ ಇಟ್ಟಿಗೆ ತೊಟ್ಟಿ, ತೊಟ್ಟಿಗೆ ಸಣ್ಣ ತೂತು.
ನೆಂಟರು ಬಂದರೆ ಕೈಗಂಟೆ ಆಡಿಸುತ್ತಾರೆ;
ಹಿಂದೆ ಚಪ್ಪಡಿಯ ಮೇಲೆ ಕೂತು
ಚೊಂಬು ಚೊಂಬಾಗಿ ಹೊಯ್ಯಬೇಕು.
ಕೆಮ್ಮಬಾರದು, ಬಳೆ ಸದ್ದಾಗಬಾರದು.
ಜಾಸ್ತಿಯಾದರೆ ಸುರಿಯುತ್ತದೆ, ಕಮ್ಮಿಯಾದರೆ ನಿಲ್ಲುತ್ತದೆ.
ದಿನಕ್ಕೆ ಎರಡಾಣೆ.
ಲೈನುಮನೆಗಳಲ್ಲಿ ಅದೇ ನೀರಿಗೆ
ಕೊಡಗಳ ಸಾಲು, ಜುಟ್ಟು ಹಿಡಿವ ಜಗಳ.
"ಕಲ್ಲಿಗೆ ಹಾಲು ಎರೆಯೋರನ್ನ ನೋಡಿದೀನಿ,
ಕಲ್ಲು ಬೆವರೋ ಹಂಗೆ ಮಾಡೋ ಕೂಲಿ ನಂದೇ ಮೊದಲು"
ಅನ್ನುತ್ತಿದ್ದಳು, ಎಲೆಅಡಿಕೆಯ ಬಾಯಲ್ಲಿ.

ಒಂದು ಮಧ್ಯಾಹ್ನ ಒಳಗೆ ಏಳೆಂಟು ಜನ,
ಪಿಂಗಾಣಿ ಸದ್ದು, ನಗು.
ನೆಲ ಒಮ್ಮೆ ಮಗ್ಗುಲು ಬದಲಿಸಿತು.
ಪಿಂಗಾಣಿ ಸುಮ್ಮನಾಯಿತು.
ಆಮೇಲೆ ಸೈರನ್ನು.
ತಾತನದು ಆ ಪಾಳಿ.
ಅಜ್ಜಿ ಚೊಂಬು ಬಿಸಾಡಿ, ಎರಡೂ ಬಕೇಟು
ಒಂದೇ ಸಲಕ್ಕೆ ತೊಟ್ಟಿಗೆ ಬೋರಲು ಹಾಕಿ
ಸೆರಗು ಬಿಗಿದು ಓಡಿದಳು.
ನೀರು ಯಾಕೆ ಸುರಿದೆ ಅಂತ ಕೇಳಿದ್ದೆ.
"ಕೆಲಸ ಮುಗೀಬೇಕಲ್ಲ" ಅಂದಳು.

ದೊರೆಸಾನಿಯ ಟೋಪಿ ನೆನೆಯಿತಂತೆ.
ನಾಲ್ಕನೇ ಕೇಜಿನಲ್ಲಿ ತಾತ ಮೇಲೆ ಬಂದ,
ಹಿಟ್ಟಿನ ಗಿರಣಿಯಿಂದ ಬಂದವನ ಹಾಗೆ ಬೆಳ್ಳಗೆ.
ಐದನೆಯದಕ್ಕೆ ಕಾಯುತ್ತಿದ್ದವರ ಮುಖ ನೋಡಲಾರದೆ
ಇಬ್ಬರೂ ತಲೆ ತಗ್ಗಿಸಿ ಮನೆಗೆ ನಡೆದರು.
ಮಾರನೆಯ ದಿನ ಅಜ್ಜಿಗೆ ಕೆಲಸವಿಲ್ಲ.

ಮೊನ್ನೆ ಹೋಗಿದ್ದೆ. ಬಂಗಲೆಗೆ ಬೀಗ, ಬೀಗಕ್ಕೆ ತುಕ್ಕು.
ಗುಹೆಯಲ್ಲಿ ನಾಯಿ ಮರಿ ಹಾಕಿತ್ತು, ಗುರ್ರೆಂದಿತು.
ಬಾಟಲಿ ತಳಗಳನ್ನು ಯಾರೋ ಕಿತ್ತಿದ್ದಾರೆ,
ಒಳಗೆಲ್ಲ ದುಂಡು ದುಂಡು ಬಿಸಿಲು.
ಹಿಂದಕ್ಕೆ ಹೋದೆ. ಹಿಂದಿನಿಂದ ಅದು ಗುಹೆಯೇ ಅಲ್ಲ,
ಬರೀ ಇಟ್ಟಿಗೆ, ಒಂದು ತೊಟ್ಟಿ,
ಕೂತು ಕೂತು ನುಣುಪಾದ ಚಪ್ಪಡಿ.
ಅಜ್ಜಿ ಅದನ್ನು ಮುಂದಿನಿಂದ ನೋಡಿರಲೇ ಇಲ್ಲ.

ನನ್ನ ಬಾಟಲಿಯ ನೀರನ್ನೆಲ್ಲ ತೊಟ್ಟಿಗೆ ಹೊಯ್ದು
ಸುತ್ತಿ ಮುಂದಕ್ಕೆ ಓಡಿದೆ.
ಅಷ್ಟರಲ್ಲಿ ತೊಟ್ಟಿಕ್ಕಿ ಮುಗಿದಿತ್ತು;
ಒದ್ದೆ ನೆಲವನ್ನು ನಾಯಿ ನೆಕ್ಕುತ್ತಿತ್ತು.