ಹರಡು

ಕುರಿಯ ಹಿಂಗಾಲಿನ ಹರಡಿನಲ್ಲೊಂದು ಪುಟ್ಟ ಮೂಳೆ.
ಚಿಮ್ಮಿದರೆ ಒಮ್ಮೆ ಕುರಿಯಾಗಿ ಬೀಳುತ್ತದೆ, ಒಮ್ಮೆ ಆಡಾಗಿ,
ಒಮ್ಮೆ ಕುದುರೆ, ಒಮ್ಮೆ ಒಂಟೆ.
ಗೋಬಿ ಮರುಭೂಮಿಯಂಚಿನ ಈ ವಸತಿಶಾಲೆಯಲ್ಲಿ
ಚಳಿಗಾಲದ ಸಂಜೆಗೆಲ್ಲ ಇದೇ ಆಟ.
ನಲವತ್ತೆರಡು ಮಕ್ಕಳು, ಒಂದು ಒಲೆ,
ಗಾಳಿ ನುಸುಳದಂತೆ ಕಾಗದ ಮೆತ್ತಿದ ಕಿಟಕಿ.

ಮಂಗಳವಾರ ರಾತ್ರಿ ಸೊಯೊಲ್ ವಾಂತಿ ಮಾಡಿದ.
ಗುರುವಾರ ಬೆಳಕು ಹರಿಯುವಷ್ಟರಲ್ಲಿ ಒಂಬತ್ತು ಮಂದಿ,
ಅಡುಗೆಯ ಬುಡ್‌ಖಂಡ್ ಸೇರಿ.
ಮಾಂಸದ ಮೇಲೆ ಅನುಮಾನ ಹೋಯಿತು, ಬಾವಿಯ ಮೇಲೆ ಹೋಯಿತು,
ಆಮೇಲೆ, ಯಾಕೋ, ಬಿಸ್ಕತ್ತಿನ ಮೇಲೆ.

ಇಪ್ಪತ್ತು ವರ್ಷ ಇಂಥವರ ಹೇನು ಹೆಕ್ಕಿದ ಖಂದ್‌ಸೂರೆನ್
ಹಾಜರಿ ಪುಸ್ತಕದ ಹಿಂಬದಿ ಹೆಸರು ಬರೆದಳು,
ಹಾಸಿಗೆಯ ಸಾಲಿನಂತಲ್ಲ,
ಆಟಕ್ಕೆ ಕೂತಿದ್ದ ದುಂಡನೆಯಂತೆ.
ಪೆನ್ಸಿಲು ಒಬ್ಬೊಬ್ಬರ ಕೈ ಹಿಡಿದು ಸುತ್ತಿ ಬಂತು.
ಹರಡು, ಹೆಸರಿಗೆ ತಕ್ಕಂತೆ, ಹರಡಿತ್ತು.

ಕೈಗೆ ಬಂದದ್ದು ಬಾಯಿಗೆ ಬರಲಿಲ್ಲವೆಂದು ಮರುಗುವ ಲೋಕ.
ಇದೊಂದಕ್ಕೆ ಆ ಸಂಕಟವಿಲ್ಲ.
ಕೈಗೆ ಬಂದರೆ ಸಾಕು, ಬಾಯಿಯ ದಾರಿ ಅದಕ್ಕೆ ಗೊತ್ತು.

ಜಿಲ್ಲೆಯಿಂದ ಬಂದ ಎಳೆಯ ಡಾಕ್ಟರು
ಜೆಲ್ ಬಾಟಲಿಗಳ ಪೆಟ್ಟಿಗೆ ಇಳಿಸಿ ನಾಚಿಕೊಂಡ:
"ಇದಕ್ಕೆ ಈ ಸ್ಪಿರಿಟ್ಟು ಅಷ್ಟಾಗಿ ನಾಟುವುದಿಲ್ಲ ಅಕ್ಕ,
ಕೊಟ್ಟರು, ತಂದೆ. ಸಾಬೂನು, ನೀರು. ಅಷ್ಟೇ."

ನೀರೋ, ಗೋಡೆಗೆ ತೂಗಿದ ತಗಡಿನ ಡಬ್ಬಿಯಲ್ಲಿ.
ಅಡಿಯಲ್ಲೊಂದು ಮೊಳೆ, ಮೇಲಕ್ಕೊತ್ತಿದರೆ ಧಾರೆ.
ಹೊಲಸು ಕೈಯಲ್ಲಿ ಒತ್ತಿ, ತೊಳೆದು,
ತೊಳೆದ ಕೈಯಲ್ಲಿ ಮತ್ತೆ ಅದೇ ಮೊಳೆ.
ಇಷ್ಟು ವರ್ಷ ಅದನ್ನು ಹೊಳೆಯುವಂತೆ ಉಜ್ಜಿಟ್ಟಿದ್ದಳು.
ನೋಡಿದಳು. ಡಬ್ಬಿ ಇಳಿಸಿದಳು.
ಬಕೆಟ್ಟು, ಸೌಟು ಹಿಡಿದು ಊಟದ ಬಾಗಿಲಲ್ಲಿ
ತಾನೇ ನಲ್ಲಿಯಾಗಿ ನಿಂತಳು.
ಇಪ್ಪತ್ತು ಎಣಿಸು. ಬೆರಳ ಸಂದಿ. ಉಗುರು. ಎಲ್ಲಿ, ಮತ್ತೆ ಎಣಿಸು.

ಶುಕ್ರವಾರ ಬುಡ್‌ಖಂಡ್ ಎದ್ದು ಬಂದಳು: "ನಿಂತಿತು, ಹಿಟ್ಟು ನಾದಲೇ?"
"ನಿಂತ ಮೇಲೂ ಎರಡು ದಿನ
ಅದು ನಿನ್ನೊಳಗೆ ಬಾಡಿಗೆಗಿರುತ್ತದೆ. ಹೋಗಿ ಮಲಗು."

ಕೊನೆಗೆ ಮೂಳೆಗಳು.
ಬ್ಲೀಚಿನ ಬೋಗುಣಿಗೆ ಎಣಿಸಿ ಸುರಿದರೆ ಒಂದು ಕಡಿಮೆ.
ದಂಬಾನ ದಿಂಬಿನಡಿ, ಕಾಲುಚೀಲದೊಳಗೆ,
ಕೆಂಪು ಬಣ್ಣದ್ದು. ಹಟ್ಟಿಯಲ್ಲುಳಿದ ತಂಗಿ ಬಳಿದುಕೊಟ್ಟದ್ದು.
"ಬಣ್ಣ ಹೋಗುತ್ತೆ," ಎಂದ.
"ಹೋಗುತ್ತೆ," ಎಂದಳು. ಸುಳ್ಳು ಹೇಳಲಿಲ್ಲ.
ಜ್ವರದ ಹಣೆಯ ಬದಿಗೆ ಸುಮ್ಮನೆ ಕೂತಳು,
ಒಲೆಗೆ ಎರಡು ಸಲ ಕಲ್ಲಿದ್ದಲು ಹಾಕುವಷ್ಟು ಹೊತ್ತು.
ಆಮೇಲೆ ಕಾಲುಚೀಲ ತಾನಾಗಿ ಅವಳ ಮಡಿಲಿಗೆ ಬಂತು.

ಮರುವಾರ ಒಲೆಯ ಬದಿ ಒಣಗಿದ ಬಿಳಿ ರಾಶಿಯಲ್ಲಿ
ದಂಬಾ ಒಂದನ್ನೆತ್ತಿದ, ಬಿಟ್ಟ; ಇನ್ನೊಂದು, ಬಿಟ್ಟ.
ಸಿಕ್ಕಿತು. ಅಂಚಿನಲ್ಲಿ ತಂಗಿಯ ಹಾಲುಹಲ್ಲಿನ ಗುರುತು.
ಹೌದೋ ಅಲ್ಲವೋ ನೋಡಲು
ತನ್ನ ಹಲ್ಲಿಗೇ ಹಿಡಿಯಬೇಕೆಂದು ಬಾಯಿಯ ಬಳಿ ತಂದ.

ಬಾಗಿಲಲ್ಲಿ ಸೌಟು
ಬಕೆಟ್ಟಿನ ಕಂಠಕ್ಕೆ ಠಣ್ಣೆಂದಿತು.