ಚಾಳೀಸಿನ ಪೆಟ್ಟಿಗೆ

ತಿಂಗಳ ಮೊದಲ ಭಾನುವಾರ
ಮಾನ್ವಿಯಲ್ಲಿ ಬಸ್ಸಿಳಿದು, ಟಂಟಂ ಹತ್ತಿ,
ತಗಡಿನ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು
ಬೇವಿನದಿನ್ನಿಗೆ ಹೋಗುತ್ತೇನೆ.
ಒಳಗೆ ಎಪ್ಪತ್ತೆರಡು ಚಾಳೀಸು.
ರಸ್ತೆಯ ತಗ್ಗು ಬಂದಾಗಲೆಲ್ಲ
ಚಳಿಗೆ ಹಲ್ಲು ಕಟಕಟಿಸಿದ ಸದ್ದು.

ರಾಯಚೂರಿನಲ್ಲಿ ಮನೆಮನೆ ತಿರುಗಿ ಕೇಳಿ ತಂದವು.
ಬದುಕಿದ್ದವರು ಹಳೆಯದನ್ನು ಕೊಟ್ಟರು,
ಸತ್ತವರ ಮನೆಯವರು ಒಳ್ಳೆಯದನ್ನು.
ಒಂದರ ಕಡ್ಡಿಗೆ ಕರಿ ದಾರ ಕಟ್ಟಿದ್ದು ಹಾಗೇ ಇದೆ.
ಇನ್ನೊಂದರ ಮೂಗಿನ ಸಂದಿಯಲ್ಲಿ
ಯಾರ ಹಣೆಯದೋ ವಿಭೂತಿ.
ಒರೆಸಲು ಹೋಗಿ, ಬಿಟ್ಟೆ.

ಆರಾಧನೆ ಮುಗಿದ ಮೇಲೆ
ಮಿಷನ್ನಿನ ಹಿತ್ತಲಲ್ಲಿ ಚಾಪೆ.
ಕರ್ತನ ಹೆಸರಲ್ಲಿ ಕೈ ಮುಗಿದು ಬಂದವರು,
ಹುಲಿಗೆಮ್ಮನ ಹರಕೆ ತೀರಿಸಿ ಬಂದವರು,
ಖಾಸಿಂಬಿ, ಅವಳ ಹಿಂದೆ ಅವಳ ಓರಗಿತ್ತಿ.
ಕಣ್ಣಿನ ಸಾಲಿನಲ್ಲಿ
ಯಾರೂ ಯಾರ ಕೇರಿ ಕೇಳುವುದಿಲ್ಲ.
ಕೇಳಿದ್ದರು ಒಮ್ಮೆ. ಆಮೇಲೆ ಬಿಟ್ಟರು.

ಮೊದಲ ಸಲ ಅಕ್ಷರದ ಹಲಗೆ ನೇತುಹಾಕಿದ್ದೆ.
ದ್ಯಾವಮ್ಮ ಕತ್ತು ಚಾಚಿ ನೋಡಿ,
“ಇವು ಎಳ್ಳೋ, ಇರುವಿಯೋ, ಯವ್ವಾ?” ಅಂದಳು.
ಅಂಚೆ ಕಚೇರಿಯ ಕಿಟಕಿಯಲ್ಲಿ
ಇಪ್ಪತ್ತು ವರ್ಷ “ಇಲ್ಲಿ ಸಹಿ ಮಾಡಿ” ಎಂದವಳು ನಾನು.
ಹಲಗೆ ಸುತ್ತಿ ಒಳಗಿಟ್ಟೆ.

ಮರುತಿಂಗಳಿಂದ ಅಡುಗೆಮನೆಯ ಮೊರ, ಎರಡು ಸೇರು ಅಕ್ಕಿ.
ಹರಳು ಹೆಕ್ಕಿ ತೋರಿಸಿರಿ.
ಹೆಕ್ಕಿದವರು ಎದ್ದು ಹೋಗಬಹುದು.
ಹೆಕ್ಕದವರಿಗೆ ಒಂದಾದ ಮೇಲೊಂದು ಚಾಳೀಸು,
ಹರಳು ಹರಳಾಗುವ ತನಕ.

ತಿಮ್ಮಕ್ಕ ಕೌದಿ ಹೊಲಿಯುವಾಕೆ.
ಎರಡು ವರ್ಷದಿಂದ ಮೊಮ್ಮಗಳೇ ಸೂಜಿ ಪೋಣಿಸಬೇಕು.
ವಿಭೂತಿಯ ಚಾಳೀಸು ಅವಳಿಗೇ ಹೊಂದಿತು.
“ಯಾರದಿದು?”
“ತೀರಿಕೊಂಡವರದು,” ಎಂದೆ, ಸುಳ್ಳು ಹೇಳಲಾಗದೆ.
ಸುತ್ತಲಿನವರು ಸುಮ್ಮನಾದರು.
“ಸತ್ತೋರ ಕಣ್ಣಾಗ ಏನ್ ಕಾಣ್ತದಬೇ?” ಕೇಳಿತು ಯಾರದೋ ದನಿ.
ತಿಮ್ಮಕ್ಕ ಮೊರದ ಮೇಲೆ ಬಾಗಿದಳು,
ಎರಡು ಬೆರಳಲ್ಲಿ ಎತ್ತಿ ಹಿಡಿದಳು:
“ಹರಳು.”

ದ್ಯಾವಮ್ಮ ಮಾತ್ರ ಒಯ್ದದ್ದನ್ನು
ಮುಂದಿನ ತಿಂಗಳು ವಾಪಸು ತಂದಳು.
“ಮಬ್ಬಿನ್ಯಾಗ ಸೊಸಿ ಭಾಳ ಚಂದ ಇದ್ದಳವ್ವ.”

ಆ ದಿನ ಸಾಲಿನ ಕೊನೆಯಲ್ಲಿ, ಬೇವಿನ ಬೊಡ್ಡೆಗೆ ಮರೆಯಾಗಿ,
ಅಯ್ಯನವರು ನಿಂತಿದ್ದರು. ಯೋಹಾನಪ್ಪ ಅಯ್ಯನವರು.
ಹನ್ನೊಂದು ವರ್ಷ ಈ ಊರಿಗೆ ಓದಿದವರು,
ಓದುವಾಗ ಒಂದು ಮಾತೂ ತಡವರಿಸದವರು.
ಎಲ್ಲರಂತೆ ಚಾಪೆಯ ಮೇಲೆ ಕೂತು
ಮೊರ ಎಳೆದುಕೊಂಡರು.
ಬೆರಳು ಅಕ್ಕಿಯಲ್ಲಿ ಆಡಿತು, ಆಡಿತು,
ಬಂದದ್ದು ಅಕ್ಕಿ.

ನನಗೆ ಆಗ ಹೊಳೆಯಿತು:
ತಿಂಗಳುಗಟ್ಟಲೆ ಅವರು ಹಾಳೆ ತಿರುವಿದ್ದು
ನಮಗಾಗಿ.
ಪುಸ್ತಕ ತೆರೆದಿತ್ತು, ಪಾಠ ಎದೆಯಲ್ಲಿತ್ತು.
ಯಾರಿಗೂ ಹೇಳಬೇಡಿ ಎನ್ನಲಿಲ್ಲ ಅವರು.
ನಾನೂ ಕೇಳಲಿಲ್ಲ.
ಕರಿ ದಾರದ್ದನ್ನು ಕೊಟ್ಟೆ.

ಮುಂದಿನ ಸಲ ಹೋದಾಗ ಅಯ್ಯನವರು
ಪ್ರತಿ ಸಾಲಿಗೂ ಎಡವಿದರು.
ಒಂದು ಕಡೆ ನಿಂತು, ಹಿಂದೆ ಹೋಗಿ,
“ಇಷ್ಟು ದಿನ ಇದನ್ನು ತಪ್ಪು ಹೇಳಿದ್ದೆ,” ಎಂದು
ತಿದ್ದಿಕೊಂಡರು, ಎಲ್ಲರ ಮುಂದೆ.
ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.
ಅಯ್ಯನವರೂ.

ಪರೀಕ್ಷೆಯ ಅಕ್ಕಿಯೇ ಮಧ್ಯಾಹ್ನದ ಅನ್ನ.
ಪುಂಡಿಪಲ್ಯ, ಹಸಿಮೆಣಸಿನ ಚಟ್ನಿ,
ಎಲ್ಲರೂ ನೆಲಕ್ಕೆ ಕೂತು.
ನಲವತ್ತು ಕಣ್ಣು ಆರಿಸಿದ ಅಕ್ಕಿ ಎಂಬ ಧೈರ್ಯದಲ್ಲಿ
ನೋಡದೆ ತುತ್ತಿಟ್ಟೆ.
ಕಟ್ ಎಂದಿತು.

ತಿಮ್ಮಕ್ಕ ಏನೂ ಮಾತಾಡದೆ
ಎಡಗೈಯಲ್ಲಿ ಪೆಟ್ಟಿಗೆಯನ್ನು
ನನ್ನ ಕಡೆ ಸರಿಸಿದಳು.