ಅಲಿ ಅಲಿ

ಆನ್‌ಸಾನಿನ ಆ ಕಚೇರಿಯ ಮೂರನೇ ಮಹಡಿಯಲ್ಲಿ
ನನಗೆ ಗಂಟೆಯ ಲೆಕ್ಕದಲ್ಲಿ ಸಂಬಳ.
ಅವರ ಮಾತು ಇವರಿಗೆ, ಇವರ ಮಾತು ಅವರಿಗೆ.
ಕೂಡಿಸಬಾರದು, ಕಳೆಯಬಾರದು:
ಮೊದಲ ದಿನವೇ ರುಜು ಹಾಕಿಸಿಕೊಂಡಿದ್ದಾರೆ.

ಇವತ್ತು ಪದಮ್‌ಧ್ವಜ ಚೆಮ್‌ಜೊಂಗ್.
ಊರು ನೇಪಾಳದ ಪಾಂಚ್‌ಥರ್, ವಯಸ್ಸು ಇಪ್ಪತ್ತೊಂಬತ್ತು.
ಫೋನಿನ ಗಾಜನ್ನು ಆಮ್ಲದಲ್ಲಿ ಅದ್ದಿ
ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಮಾಡುವ ಕೆಲಸ.
ಬಲಗೈಯನ್ನು ಮೇಜಿನ ಮೇಲಿಟ್ಟಿದ್ದಾನೆ,
ಬೇರೆಯವರ ಸಾಮಾನು ಕಾಯುವವನ ಹಾಗೆ.

ನೀರಿನಂತೆಯೇ ಇರುತ್ತದಂತೆ ಆ ಆಮ್ಲ.
ಬಿದ್ದಾಗ ಉರಿಯಲಿಲ್ಲ. ಊಟ ಮಾಡಿದ, ಮಲಗಿದ.
ನಡುರಾತ್ರಿ ಅದು ಚರ್ಮ ದಾಟಿ, ಮಾಂಸ ದಾಟಿ
ಮೂಳೆಯ ಸುಣ್ಣ ಹುಡುಕಿಕೊಂಡು ಹೋಯಿತು.
ಹಚ್ಚುವ ಮುಲಾಮು ಇತ್ತು, ಕಪಾಟಿನಲ್ಲಿ.
ಕಪಾಟಿನ ಕೀಲಿಕೈ ಯಜಮಾನರ ಮನೆಯಲ್ಲಿ,
ಯಜಮಾನರು ನಿದ್ದೆಯಲ್ಲಿ.

ಐದು ವರ್ಷಕ್ಕೆ ನಾಲ್ಕು ತಿಂಗಳು ಕಡಿಮೆ ದುಡಿದವನಿಗೆ
ಕೊರಿಯಾದವರ ಎರಡು ಮಾತು ಚೆನ್ನಾಗಿ ಬರುತ್ತವೆ.
ಪಲ್ಲಿ ಪಲ್ಲಿ, ಅಂದರೆ ಬೇಗ ಬೇಗ;
ಇದು ಅವರು ಅವನಿಗೆ ಹೇಳಿದ್ದು.
ಅಪಾಯೊ, ಅಂದರೆ ನೋಯುತ್ತಿದೆ;
ಇದು ಅವನು ಅವರಿಗೆ ಹೇಳಿದ್ದು,
ರಾತ್ರಿ ಎರಡರಿಂದ ಬೆಳಕು ಹರಿಯುವತನಕ,
ಯಾರೂ ಎತ್ತದ ಫೋನಿಗೆ.

ಅಧಿಕಾರಿ ನಾಮ್‌ಗುಂಗ್ ಕೆಟ್ಟವರಲ್ಲ. ನೆಗಡಿಯಾಗಿದೆ, ಪಾಪ.
ಮುಂದೆ ಹದಿನಾಲ್ಕು ದರ್ಜೆಗಳ ಪಟ್ಟಿ:
ಯಾವ ಬೆರಳು, ಯಾವ ಗೆಣ್ಣು, ಮಡಚಲು ಬರುತ್ತದೋ ಇಲ್ಲವೋ.
ಸಾಲಿಗೆ ಇಂತಿಷ್ಟು ದಿನದ ಕೂಲಿ.
ಕೇಳಿದರು: ಈಗ ಎಷ್ಟು ನೋಯುತ್ತದೆ?

ನಮ್ಮ ನೇಪಾಳಿಯಲ್ಲಿ ನೋವಿಗೆ ಹೆಸರು ಬೇಕಾದಷ್ಟಿವೆ.
ಛಳಕ್ಕೆಂದು ಬಂದು ಹೋಗುವುದಕ್ಕೆ ಒಂದು,
ಉರಿಗೆ ಇನ್ನೊಂದು,
ಇರುವೆಸಾಲು ಹರಿದಂತಾದರೆ ಝಮ್‌ಝಮ್.
ಅವನು ಯಾವುದನ್ನೂ ಮುಟ್ಟಲಿಲ್ಲ.
ನೋವನ್ನು ಎಣಿಸಿ ತೋರಿಸಬಾರದೆಂದು ಕಲಿಸಿದ ಮನೆ ಇರಬೇಕು.
ಮೇಜು ನೋಡುತ್ತ 'ಅಲಿ ಅಲಿ' ಅಂದ.
ಸ್ವಲ್ಪ ಸ್ವಲ್ಪ.

ಪೆನ್ನು ನನ್ನ ಬಾಯಿಯನ್ನೇ ನೋಡುತ್ತಿತ್ತು.
ನಾನು ನೀರು ಕುಡಿದೆ.

ಅಷ್ಟರಲ್ಲಿ ಕಂಪನಿಯವ ಗಂಟಲು ಸರಿಮಾಡಿಕೊಂಡ:
ಕೈಗವಸು ಕೊಟ್ಟಿದ್ದೆವು, ಇವನೇ ಹಾಕಿರಲಿಲ್ಲ.
ಅದನ್ನು ಕೂಡಿಸದೆ ಕಳೆಯದೆ ಇವನಿಗೆ ಹೇಳಿದೆ.

ಪದಮ್‌ಧ್ವಜ ಎದ್ದ. ಎಡಗೈಯಲ್ಲಿ ಚೀಲ ತಡಕಿ
ಕಿತ್ತಳೆ ಬಣ್ಣದ ರಬ್ಬರು ಕೈಗವಸು ತೆಗೆದ.
ಮೂಲೆಯ ನೀರಿನ ಯಂತ್ರಕ್ಕೆ ಅದರ ಬಾಯಿಯೊಡ್ಡಿ
ಬಲ ಮೊಣಕೈಯಿಂದ ಗುಂಡಿ ಒತ್ತಿದ,
ಬಸುರಿ ಹೊಟ್ಟೆಯಂತೆ ತುಂಬಿಕೊಂಡದ್ದನ್ನು ತಂದು
ಮೇಜಿನ ಮೇಲೆ ಎತ್ತಿ ಹಿಡಿದ.

ತೋರುಬೆರಳ ತುದಿಯಿಂದ ದಾರದೆಳೆಯಷ್ಟು ಧಾರೆ
ನೇರ ಇಳಿದು ಪಟ್ಟಿಯ ಮೇಲೆ ಬಿತ್ತು.
ಯಾರೂ ಮಾತಾಡಲಿಲ್ಲ. ನನಗೆ ಕೆಲಸವಿರಲಿಲ್ಲ.
ಕಂಪನಿಯವ ಕುರ್ಚಿ ಹಿಂದಕ್ಕೆಳೆದುಕೊಂಡ,
ಬರೀ ನೀರಿಗೆ.

ನಾಮ್‌ಗುಂಗ್ ಹಾಳೆ ಒರೆಸಿದರು, ಮೂಗು ಒರೆಸಿದರು,
ಇನ್ನೊಮ್ಮೆ ಕೇಳಿದರು. ಎಷ್ಟು?
ಅವನದು ಮತ್ತೆ ಅದೇ ಎರಡು ಮಾತು.

ಆಗ ನಾನು ಹೇಳಿದೆ.
ಇರುವೆಸಾಲು ಹೇಳಿದೆ, ಉರಿ ಹೇಳಿದೆ,
ಹಾಕಲಾಗದ ಅಂಗಿ ಗುಂಡಿ, ಬೆಳಗಿನ ಜಾವ, ಕೀಲಿಕೈ,
ಅವನು ನನಗೂ ಹೇಳದೆ ಉಳಿಸಿಕೊಂಡದ್ದನ್ನು
ಆ ಮಡಚದ ಬೆರಳುಗಳಲ್ಲೇ ಓದಿ ಓದಿ ಹೇಳಿದೆ.
ಪೆನ್ನು ಬಹಳ ಹೊತ್ತು ಓಡಿತು.

ತೀರ್ಮಾನಕ್ಕೆ ಮೂರು ತಿಂಗಳು. ಅವನ ವೀಸಾ ಇನ್ನು ಏಳು ವಾರ.

ರೈಲು ನಿಲ್ದಾಣದ ಮೆಟ್ಟಿಲಲ್ಲಿ ಕೇಳಿದ: ದೀದಿ,
ನಾನು ಹೇಳಿದ್ದು ಇಷ್ಟೇ ಇಷ್ಟು,
ನೀವು ಹೇಳಿದ್ದು ಅಷ್ಟುದ್ದ ಬಂತಲ್ಲ?

ಇವರ ಭಾಷೆಯೇ ಉದ್ದ ತಮ್ಮಾ, ಅಂದೆ.

ಎರಡು ಮೆಟ್ಟಿಲು ಹತ್ತಿದ.
ಹೌದು, ಬೇಗ ಬೇಗ ಅನ್ನುವಾಗ ಮಾತ್ರ ಗಿಡ್ಡ,
ಅಂದ.